ಸೋಮವಾರವೇ ಏಕೆ ಹೆಚ್ಚು ಮಳೆ?

ಪುಣಜನೂರಿನ ಕಡೆ ಮಳೆಯೆಂದರೆ ಬರಿಯ ಹವಾಮಾನದ ಸುದ್ದಿಯಲ್ಲ. ಹೊಲದ ಬಿತ್ತನೆ ಅದನ್ನೇ ಕಾಯುತ್ತದೆ. ಕಾಡಿನ ಕೆರೆಕಟ್ಟೆಗಳು ಅದರಿಂದಲೇ ತುಂಬಬೇಕು. ಅವು ಬತ್ತಿದರೆ ಆನೆಗಳು ನೀರು ಹುಡುಕಿಕೊಂಡು ಊರ ಕಡೆ ಇಳಿಯುತ್ತವೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಬಿಳಿಗಿರಿರಂಗನ ಕಾಡಿನ ಅಂಚಿಗಿರುವ ಇಂಥ ಊರಿನ ಮಕ್ಕಳಿಗೆ ಮಳೆ ಅಳೆಯುವುದನ್ನು ಕಲಿಸಲು ವಿಜ್ಞಾನದ ಮೇಷ್ಟರು ಹೆಚ್ಚು ಪ್ರಯಾಸಪಡಬೇಕಾಗಿಲ್ಲ. ನೇರ ಬದಿಯ ಒಂದು ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ ತಲೆಕೆಳಗಾಗಿ ಇಟ್ಟರೆ ಆಲಿಕೆಯಾಯಿತು. ಪಕ್ಕಕ್ಕೊಂದು ಅಳತೆಪಟ್ಟಿ ಅಂಟಿಸಿದರೆ ಮಳೆಮಾಪಕವೂ ಆಯಿತು.

ನಮ್ಮ ಮಕ್ಕಳು ಒಂದು ಮಳೆಗಾಲ ಪೂರ್ತಿ ದಿನವೂ ಬೆಳಿಗ್ಗೆ ಬಾಟಲಿಯ ನೀರನ್ನು ಮಿಲಿಮೀಟರಿನಲ್ಲಿ ಅಳೆದು, ನೋಟ್‌ಬುಕ್ಕಿನಲ್ಲಿ ಬರೆದು, ಬಾಟಲಿಯನ್ನು ಖಾಲಿ ಮಾಡಿದರು. ಆ ಅಂಕಿಗಳನ್ನು ಗಣಕಯಂತ್ರಕ್ಕೆ ತುಂಬಿ, ಒಟ್ಟು ಮಳೆ ಎಷ್ಟು, ಮಳೆ ಬಂದ ದಿನಗಳು ಎಷ್ಟು, ಅತಿ ಹೆಚ್ಚು ಮಳೆ ಯಾವ ದಿನ ಎಂದು ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಕೃತಕ ಬುದ್ಧಿಮತ್ತೆಯ ಸಹಾಯಕನಿಂದ ಬರೆಸಿದೆ. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಅಚ್ಚುಕಟ್ಟಾದ ಪಟ್ಟಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ತೆರೆಯನ್ನೇ ನೋಡುತ್ತ ನಿಂತಿದ್ದಳು. “ಸೋಮವಾರನೇ ಯಾಕ್ ಸಾ ಯಾವಾಗ್ಲೂ ಜಾಸ್ತಿ ಮಳೆ?” ಎಂದಳು.

ನೋಡಿದರೆ ನಿಜ. ಅತಿ ಹೆಚ್ಚು ಮಳೆಯ ದಿನಗಳಲ್ಲಿ ಮುಕ್ಕಾಲು ಪಾಲು ಸೋಮವಾರಗಳೇ! ಭಾನುವಾರಗಳ ಮುಂದೆಲ್ಲ ಸೊನ್ನೆ. ಮೋಡಕ್ಕೆ ವಾರದ ರಜೆ ಉಂಟೇ? ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಭಾನುವಾರ ಶಾಲೆಗೆ ಬೀಗ, ಅಳೆಯುವವರಿಲ್ಲ. ಶನಿವಾರ ಬೆಳಿಗ್ಗೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಬಿದ್ದ ನೀರೆಲ್ಲ ಒಂದೇ ಬಾಟಲಿಯಲ್ಲಿ ಕೂಡಿರುತ್ತಿತ್ತು. ನೋಟ್‌ಬುಕ್ಕಿನಲ್ಲಿ ಭಾನುವಾರದ ಸಾಲು ಖಾಲಿ. ಸಹಾಯಕ ಆ ಖಾಲಿ ಜಾಗವನ್ನು ಸೊನ್ನೆ ಎಂದು ತಿಳಿದು, ಎರಡು ದಿನದ ಮಳೆಯನ್ನು ಸೋಮವಾರದ ಲೆಕ್ಕಕ್ಕೆ ಬರೆದುಬಿಟ್ಟಿತ್ತು. ಒಟ್ಟು ಮಳೆಯ ಮೊತ್ತವೇನೋ ಸರಿಯಾಗಿಯೇ ಇತ್ತು. ಮಳೆಯ ದಿನಗಳ ಎಣಿಕೆಯೂ ಅತಿ ಹೆಚ್ಚು ಮಳೆಯ ದಿನವೂ ತಪ್ಪಾಗಿದ್ದವು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆ ನೆನಪಾಯಿತು. ‘ಅಳೆದಿಲ್ಲ’ ಎಂಬುದೂ ‘ಮಳೆ ಇಲ್ಲ’ ಎಂಬುದೂ ಬೇರೆ ಬೇರೆ ಎಂದು ನಾನು ಅದಕ್ಕೆ ಹೇಳಿರಲಿಲ್ಲ, ಅದೂ ಕೇಳಿರಲಿಲ್ಲ. ತಪ್ಪಿನ ಅರ್ಧ ಪಾಲು ನನ್ನದೇ.

ಕಪ್ಪು ತೆರೆಯ ಸಹಾಯಕ

ಈ ಸಹಾಯಕ ಎಂದರೇನು? ನಮ್ಮ ಕಾಲೇಜಿನ ದಿನಗಳಲ್ಲಿ ಗಣಕಯಂತ್ರವನ್ನು ಚಾಲೂ ಮಾಡಿದರೆ ಕಪ್ಪು ತೆರೆಯೊಂದು ಬರುತ್ತಿತ್ತು. ಅದರಲ್ಲಿ ಮಿಣುಕುವ ಗೆರೆಯ ಮುಂದೆ ಆಜ್ಞೆಯನ್ನು ಅಕ್ಷರದಲ್ಲಿ ಟೈಪು ಮಾಡಬೇಕಿತ್ತು. ಆಮೇಲೆ ಮೌಸು, ಚಿತ್ರಗಳು, ಕಿಟಕಿಗಳು ಬಂದು ಆ ತೆರೆ ಮರೆಗೆ ಸರಿಯಿತು. ಆದರೆ ಪ್ರೋಗ್ರಾಂ ಬರೆಯುವವರು ಅದನ್ನು ಎಂದೂ ಬಿಡಲಿಲ್ಲ. ಈಗ ಅದೇ ಜಾಗದಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯಕರು ಬಂದು ಕುಳಿತಿದ್ದಾರೆ. 2023ರಲ್ಲಿ ಬಂದ ‘ಏಡರ್’, 2025ರಲ್ಲಿ ಬಂದ ‘ಗೂಸ್’, ‘ಓಪನ್‌ಕೋಡ್’ ಎಂಬುದು ಇನ್ನೊಂದು. ಇವೆಲ್ಲ ಈ ಜಾತಿಗೆ ಸೇರಿದವು. ನಾನು ಬಳಸಿದ್ದು ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ, ಮೇಲಿನಂಥ ತಪ್ಪು ಯಾವುದರಿಂದಲೂ ಆಗಬಹುದು.

ಕೆಲಸ ನಡೆಯುವ ಬಗೆ ಹೀಗೆ. ನಮಗೆ ಬೇಕಾದುದನ್ನು ಸಾದಾ ಮಾತಿನಲ್ಲಿ ಬರೆಯುತ್ತೇವೆ. ಸಹಾಯಕ ತಂತ್ರಾಂಶ ನಮ್ಮ ಕಡತಗಳನ್ನು ಓದಿ, ಆ ಮಾತಿನ ಜೊತೆಗೆ ಅವನ್ನೂ ಒಂದು ‘ಭಾಷಾ ಮಾದರಿ’ಗೆ ಕಳುಹಿಸುತ್ತದೆ. ಈ ಮಾದರಿ ಅಪಾರವಾದ ಬರಹವನ್ನು ಓದಿಸಿ ತಯಾರು ಮಾಡಿದ ಗಣಿತದ ಯಂತ್ರ. ಮುಂದೆ ಬರಬಹುದಾದ ಪದದ ತುಣುಕು ಯಾವುದೆಂದು ಊಹಿಸುತ್ತ, ತುಣುಕಿಗೆ ತುಣುಕು ಪೋಣಿಸಿ ಉತ್ತರ ಕಟ್ಟುತ್ತದೆ. ತಂತ್ರಾಂಶ ಆ ಉತ್ತರವನ್ನು ತೆಗೆದುಕೊಂಡು ಕಡತವನ್ನು ತಿದ್ದುತ್ತದೆ, ಪ್ರೋಗ್ರಾಂ ಓಡಿಸಿ ನೋಡುತ್ತದೆ, ದೋಷ ಕಂಡರೆ ಅದನ್ನು ಮತ್ತೆ ಮಾದರಿಗೆ ಒಪ್ಪಿಸುತ್ತದೆ. ಊಹೆಯ ಮೇಲೆ ನಡೆಯುವ ಯಂತ್ರವಾದುದರಿಂದ ಸರಿಯಾದುದನ್ನು ಎಷ್ಟು ಸರಾಗವಾಗಿ ಬರೆಯುತ್ತದೋ ತಪ್ಪನ್ನೂ ಅಷ್ಟೇ ಸರಾಗವಾಗಿ ಬರೆಯುತ್ತದೆ. ಮುಖ ನೋಡಿ ತಪ್ಪು ಹಿಡಿಯೋಣವೆಂದರೆ ಅದಕ್ಕೆ ಮುಖವಿಲ್ಲ!

ಪಂಪು ನಮ್ಮದು, ಮೋಟಾರು ಬದಲಾಗಬಹುದು

ತಂತ್ರಾಂಶ ಬೇರೆ, ಮಾದರಿ ಬೇರೆ ಎಂಬುದನ್ನು ಓದುಗರು ಗಮನಿಸಬೇಕು. ಪೈಪು, ಪಂಪು ಅವೇ ಇದ್ದರೂ ಕರೆಂಟ್ ಇದ್ದಾಗ ಮೋಟಾರು, ಇಲ್ಲದಾಗ ಡೀಸೆಲ್ ಎಂಜಿನ್ ಜೋಡಿಸಿ ನೀರೆತ್ತುವುದನ್ನು ನಮ್ಮ ರೈತರು ಬಲ್ಲರು. ಇಲ್ಲಿಯೂ ಹಾಗೆಯೇ. ಒಂದೇ ಸಹಾಯಕಕ್ಕೆ ಇಂದು ಒಂದು ಕಂಪನಿಯ ಮಾದರಿ, ನಾಳೆ ಇನ್ನೊಂದರ ಮಾದರಿ ಜೋಡಿಸಬಹುದು. ‘ಒಲ್ಲಾಮಾ’ ಎಂಬ ತಂತ್ರಾಂಶದ ನೆರವಿನಿಂದ ಚಿಕ್ಕ ಮಾದರಿಯೊಂದನ್ನು ನಮ್ಮ ಗಣಕದೊಳಗೇ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದಾಗಲೂ ಕೆಲಸ ನಡೆಯುತ್ತದೆ. ಕಾಡಿನ ಅಂಚಿನ ಊರುಗಳಲ್ಲಿ ಸಿಗ್ನಲ್ಲಿನ ಪಾಡು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಆದರೆ ಚಿಕ್ಕ ಮಾದರಿ ಚಿಕ್ಕದೇ. ನಿಧಾನ, ತಪ್ಪೂ ಹೆಚ್ಚು. ಅದಕ್ಕೂ 8 ಜಿಬಿ ಮೆಮೊರಿ ಬೇಕು, 16 ಜಿಬಿ ಇದ್ದರೆ ಲೇಸು.

ಇನ್ನೊಂದು ಗುಣ, ಈ ತಂತ್ರಾಂಶಗಳ ಮೂಲ ಬರವಣಿಗೆ ಮುಕ್ತ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಗ್ನೂ ಯೋಜನೆಯನ್ನು ಸಾರಿದಂದಿನಿಂದ, 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಹೊರತಂದಂದಿನಿಂದ ಬೆಳೆದುಬಂದ ಪರಂಪರೆಯಿದು. ಇದು ದೂರದ ಮಾತೂ ಅಲ್ಲ. ಕೇರಳದ ಸರಕಾರಿ ಶಾಲೆಗಳು ಮುಕ್ತ ತಂತ್ರಾಂಶವನ್ನೇ ಬಳಸುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್ ಗಣಕದಲ್ಲೇ ಕಲಿಯುತ್ತಾರೆ. ಬೆಂಗಳೂರಿನ ಸರ್ವಂ ಸಂಸ್ಥೆ 2025ರ ಮೇ ತಿಂಗಳಲ್ಲಿ ‘ಸರ್ವಂ-ಎಂ’ ಎಂಬ ಭಾಷಾ ಮಾದರಿಯನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಅದು ಬಲ್ಲ ಭಾರತೀಯ ಭಾಷೆಗಳಲ್ಲಿ ಕನ್ನಡವೂ ಒಂದು.

ನಾವು ಹಾಕಿಕೊಂಡ ಕಟ್ಟಳೆ

ಸೋಮವಾರದ ಪ್ರಸಂಗದ ನಂತರ ನಾವು ಒಂದು ಕೆಲಸ ಮಾಡಿದೆವು. ಇಂಥ ಸಹಾಯಕಗಳಿಗೆ ನಮ್ಮ ನಿಯಮಗಳನ್ನು ಒಂದು ಸಾದಾ ಕಡತದಲ್ಲಿ ಬರೆದು ಓದಲು ಕೊಡಬಹುದು. ಮಕ್ಕಳೊಡನೆ ಕುಳಿತು ನಾಲ್ಕು ನಿಯಮ ಬರೆದೆವು. ಒಂದು, ಕೇಳಿದ ಕೂಡಲೇ ಪ್ರೋಗ್ರಾಂ ಬರೆಯಬೇಡ, ಮೊದಲು ನಮ್ಮನ್ನು ಮೂರು ಪ್ರಶ್ನೆ ಕೇಳು. ಎರಡು, ಖಾಲಿ ಜಾಗ ಕಂಡರೆ ಊಹಿಸಬೇಡ, ಏನೆಂದು ಕೇಳು. ಮೂರು, ಒಮ್ಮೆಗೆ ಹತ್ತು ಸಾಲಿಗಿಂತ ಹೆಚ್ಚು ಬರೆಯಬೇಡ. ನಾಲ್ಕು, ಪ್ರತಿಯೊಂದು ಸಾಲು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ವಿವರಿಸು.

ಮಾರನೆಯ ದಿನ ಅದೇ ಕೆಲಸ ಹೇಳಿದಾಗ ಅದು ಕೇಳಿದ ಮೊದಲ ಪ್ರಶ್ನೆಯೇ ಇದು: ಭಾನುವಾರದ ಸಾಲುಗಳು ಖಾಲಿ ಇವೆ, ಆ ದಿನ ಮಳೆ ಬರಲಿಲ್ಲವೋ, ಅಳೆಯಲಿಲ್ಲವೋ? ತರಗತಿಗೆ ತರಗತಿಯೇ ನಕ್ಕಿತು. ಅದೇ ಯಂತ್ರ, ಆದರೆ ಅದಕ್ಕೆ ನಾವು ಹೇಳಿದ ರೀತಿ ಬೇರೆ. ಹಾಗೆಂದು ಈ ನಿಯಮಗಳು ಕಬ್ಬಿಣದ ಬೇಲಿಯಲ್ಲ. ಮಾತು ಉದ್ದವಾದಂತೆ ಅದು ಮರೆಯುವುದೂ ಉಂಟು. ಮೂರನೆಯ ದಿನ ನಲವತ್ತು ಸಾಲು ಬರೆದು ಮುಂದಿಟ್ಟಿತು. “ಹತ್ತೇ ಸಾಲು ಅಂದಿದ್ವಲ್ಲ ಸಾ!” ಎಂದು ಮಕ್ಕಳೇ ಗದರಿಸಿದರು. ಈ ಗದರುವ ಅಭ್ಯಾಸವನ್ನೇ ನಾನು ಕಲಿಸಬೇಕೆಂದಿದ್ದುದು.

ಪೋಷಕರಿಗೆ ಕೆಲವು ಮಾತು

ತಂತ್ರಾಂಶ ಉಚಿತವಾದರೂ ದೊಡ್ಡ ಮಾದರಿಗಳು ಸಾಮಾನ್ಯವಾಗಿ ಉಚಿತವಲ್ಲ. ಪದದ ತುಣುಕಿನ ಲೆಕ್ಕದಲ್ಲಿ ಹಣ ಕಟ್ಟಬೇಕು. ಬಹಳಷ್ಟು ಮಾದರಿಗಳು ಕನ್ನಡದ ಪದವನ್ನು ಇಂಗ್ಲಿಷಿನದಕ್ಕಿಂತ ಹೆಚ್ಚು ತುಣುಕುಗಳಾಗಿ ಒಡೆಯುವುದರಿಂದ ಅದೇ ಮಾತಿಗೆ ಕನ್ನಡದಲ್ಲಿ ಖರ್ಚು ಹೆಚ್ಚು. ಆದುದರಿಂದ ತಿಂಗಳಿಗೆ ಇಷ್ಟೇ ಎಂದು ಮಿತಿ ಹಾಕದೆ ಮಕ್ಕಳ ಕೈಗೆ ಕೊಡಬೇಡಿ. ಮಾದರಿಯನ್ನು ಬಳಸಲು ಕೊಡುವ ಗುಪ್ತ ಕೀಲಿಯನ್ನು ಎಟಿಎಂ ಕಾರ್ಡಿನ ಗುಪ್ತಸಂಖ್ಯೆಯಂತೆ ಕಾಪಾಡಬೇಕು. ಹೊರಗಿನ ಮಾದರಿಯಾದರೆ ನಮ್ಮ ಕಡತಗಳು ಹೊರಗೆ ಹೋಗುತ್ತವೆ. ಹೆಸರು, ಆಧಾರ್ ಸಂಖ್ಯೆ, ಅಂಕಪಟ್ಟಿ ಇರುವ ಕಡತಗಳನ್ನು ಅದರ ಮುಂದೆ ಇಡಲೇಬಾರದು.

ಈ ಸಹಾಯಕಗಳು ಕಡತವನ್ನು ಅಳಿಸಲೂ ಬಲ್ಲವು. ಆದ್ದರಿಂದ ಪ್ರತಿ ಆಜ್ಞೆಗೂ ಮುಂಚೆ ಒಪ್ಪಿಗೆ ಕೇಳುವಂತೆ ಇಟ್ಟುಕೊಳ್ಳಿ, ಎಲ್ಲದರ ನಕಲನ್ನೂ ತೆಗೆದಿಡಿ. ಟೊರ್ವಾಲ್ಡ್ಸ್ ಅವರೇ 2005ರಲ್ಲಿ ರಚಿಸಿದ ‘ಗಿಟ್’ ಎಂಬ ತಂತ್ರಾಂಶ ಪ್ರತಿಯೊಂದು ತಿದ್ದುಪಡಿಯನ್ನೂ ದಿನಚರಿಯಂತೆ ಬರೆದಿಡುತ್ತದೆ. ಏಡರಿನಲ್ಲಿ ಪ್ರತಿ ಬದಲಾವಣೆಯೂ ತಾನಾಗಿ ಗಿಟ್‌ನಲ್ಲಿ ದಾಖಲಾಗುವುದರಿಂದ ಒಂದೇ ಆಜ್ಞೆಯಿಂದ ಹಿಂದಿನ ಸ್ಥಿತಿಗೆ ಮರಳಬಹುದು.

“ಯಂತ್ರವೇ ಬರೆಯುವುದಾದರೆ ನನ್ನ ಮಗಳು ಕಂಪ್ಯೂಟರ್ ಏಕೆ ಕಲಿಯಬೇಕು ಮೇಷ್ಟ್ರೇ?” ಎಂದು ತಂದೆಯೊಬ್ಬರು ಕೇಳಿದರು. ಭಾನುವಾರದ ಸೊನ್ನೆಯನ್ನು ಹಿಡಿದವಳು ಅವರ ಮಗಳೇ. ಅವಳು ಅದನ್ನು ಹಿಡಿದದ್ದು ಮಳೆಯನ್ನು ತಾನೇ ಅಳೆದಿದ್ದರಿಂದ, ಸರಾಸರಿ, ಮೊತ್ತ ಎಂದರೆ ಏನೆಂದು ತಿಳಿದಿದ್ದರಿಂದ. ಅಷ್ಟೂ ತಿಳಿಯದೆ ಯಂತ್ರದ ಮುಂದೆ ಕುಳಿತಿದ್ದರೆ ಅವಳೂ ನಮ್ಮೊಡನೆ ಚಪ್ಪಾಳೆ ತಟ್ಟುತ್ತಿದ್ದಳು. ಮೊದಲು ಕೈಯಿಂದ ಲೆಕ್ಕ ಮಾಡಲಿ, ಚಿಕ್ಕ ಪ್ರೋಗ್ರಾಮುಗಳನ್ನು ತಾನೇ ಬರೆಯಲಿ. ಆಮೇಲೆ ಸಹಾಯಕನನ್ನು ಕರೆಯಲಿ ಎಂದು ಅವರಿಗೆ ಹೇಳಿದೆ. ನಿಮಗೂ ಹೇಳುವುದು ಅದನ್ನೇ.

ಈಗ ನಮ್ಮ ಪಟ್ಟಿಯಲ್ಲಿ ಹಳೆಯ ಭಾನುವಾರಗಳ ಮುಂದೆ ‘ಅಳೆದಿಲ್ಲ’ ಎಂದು ಬರುತ್ತದೆ. ಶಾಲೆಯ ಹತ್ತಿರವೇ ಮನೆಯಿರುವ ಹುಡುಗನೊಬ್ಬ ಅದನ್ನು ನೋಡಿ, “ಇನ್ಮೇಲೆ ಭಾನುವಾರ ನಾನೇ ಅಳೀತೀನಿ ಸಾ” ಎಂದ. ತನ್ನ ಮನೆಯಂಗಳದಲ್ಲೂ ಒಂದು ಬಾಟಲಿ ಇಟ್ಟಿದ್ದಾನೆ. ವಿದ್ಯಾರ್ಥಿಗಳೇ, ನೀವೂ ಒಂದು ಬಾಟಲಿ ಇಡಿ. ನೀವೇ ಅಳೆದ ಅಂಕಿಗಳು ಕೈಯಲ್ಲಿದ್ದರೆ ಯಂತ್ರದ ಉತ್ತರ ಸರಿಯೋ ತಪ್ಪೋ ಎಂದು ನೋಡುವುದು ಕಷ್ಟವಾಗಲಾರದು.