ನೋವಿಲ್ಲದ ಗಂಟಿಗೂ ಪರೀಕ್ಷೆ ಬೇಕು

ಶೃಂಗೇರಿಯಿಂದ ಸುಮಾರು 10 ಕಿಲೋಮೀಟರ್ ದೂರದ ಕಿಗ್ಗ ಋಷ್ಯಶೃಂಗೇಶ್ವರ ದೇವಸ್ಥಾನಕ್ಕೆ, ಸಿರಿಮನೆ ಜಲಪಾತಕ್ಕೆ, ಬಿಡದೆ ಸುರಿಯುವ ಮಳೆಗೆ ಹೆಸರಾದ ಊರು. ಈ ಭಾಗದವರಿಗೆ ದೊಡ್ಡ ಕಾಯಿಲೆ ಎಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ, ಇಲ್ಲವೇ ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೆ ಹೋಗಬೇಕಾದ ಮಾತು. ಹಾಗಾಗಿ ಸ್ನಾನ ಮಾಡುವಾಗ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕರೂ ಹೆಂಗಸರು ದಿನ ಮುಂದೂಡುತ್ತಾರೆ. ಮಳೆ ಕಡಿಮೆಯಾಗಲಿ, ಅಡಿಕೆ ಕೊಯ್ಲು ಮುಗಿಯಲಿ, ಹೇಗೂ ನೋವೇನಿಲ್ಲವಲ್ಲ ಎಂಬ ಸಮಾಧಾನ ಬೇರೆ. ಅಪಾಯವಿರುವುದೇ ಈ ಸಮಾಧಾನದಲ್ಲಿ. ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ.

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಜಾಗತಿಕ ಅಂದಾಜಿನ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಕಂಡುಬಂದವು, ಸುಮಾರು 98 ಸಾವಿರ ಮಂದಿ ತೀರಿಕೊಂಡರು. ರೋಗ ಪತ್ತೆಯಾದ ಮೇಲೆ ಐದು ವರ್ಷ ಬದುಕುವವರ ಪ್ರಮಾಣ ಶ್ರೀಮಂತ ದೇಶಗಳಲ್ಲಿ ಶೇ 90ಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು ಶೇ 66 ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಅಂತರಕ್ಕೆ ಮುಖ್ಯ ಕಾರಣಗಳು ಎರಡು: ನಮ್ಮಲ್ಲಿ ರೋಗ ತಡವಾಗಿ ಪತ್ತೆಯಾಗುತ್ತದೆ, ಚಿಕಿತ್ಸೆ ಪೂರ್ತಿಯಾಗುವುದಿಲ್ಲ.

ಬೇಗ ಪತ್ತೆಹಚ್ಚಲು ದುಬಾರಿ ಯಂತ್ರವೇ ಬೇಕೆ? ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ದೊಡ್ಡ ಅಧ್ಯಯನ ಆರಂಭಿಸಿತು. 35ರಿಂದ 64 ವರ್ಷದ ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿನವರ ಸ್ತನಗಳನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ಇಪ್ಪತ್ತು ವರ್ಷಗಳ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಪರೀಕ್ಷೆಗೊಳಗಾದವರಲ್ಲಿ ಕ್ಯಾನ್ಸರ್ ಹೆಚ್ಚು ಬೆಳೆಯುವ ಮೊದಲೇ ಸಿಕ್ಕಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ 30ರಷ್ಟು ತಗ್ಗಿತ್ತು. ಅದಕ್ಕಿಂತ ಚಿಕ್ಕ ವಯಸ್ಸಿನವರಲ್ಲಿ ಸಾವಿನ ಪ್ರಮಾಣದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಹತ್ತಿರದಲ್ಲಿಲ್ಲದ ಕಿಗ್ಗದಂಥ ಊರಿಗೆ ಇದು ಬಹಳ ದೊಡ್ಡ ಸುದ್ದಿ.

ಈ ಪರೀಕ್ಷೆಯಲ್ಲಿ ನಾಚಿಕೆಪಡುವಂಥದ್ದು, ಹೆದರುವಂಥದ್ದು ಏನೂ ಇಲ್ಲ. ಮೊದಲು ನೋಡುವುದು. ಕೈ ಇಳಿಬಿಟ್ಟು, ಆಮೇಲೆ ಎರಡೂ ಕೈ ಮೇಲೆತ್ತಿ, ಬಳಿಕ ಸೊಂಟಕ್ಕೆ ಕೈ ಒತ್ತಿ ಕೂರಲು ಹೇಳುತ್ತಾರೆ. ಭಂಗಿ ಬದಲಾದಾಗ ಒಳಗಿನ ಗಂಟು ಚರ್ಮವನ್ನು ಎಳೆಯುತ್ತಿದ್ದರೆ ಗುಳಿ ಬೀಳುವುದು ಕಾಣುತ್ತದೆ. ಎರಡು ಸ್ತನಗಳ ಆಕಾರದಲ್ಲಿ ಹೊಸ ವ್ಯತ್ಯಾಸ, ಒಳಗೆ ಸರಿದ ತೊಟ್ಟು, ಕಿತ್ತಳೆ ಸಿಪ್ಪೆಯಂತಾದ ಚರ್ಮ, ತೊಟ್ಟಿನ ಸುತ್ತ ವಾಸಿಯಾಗದ ಕಜ್ಜಿ, ಇವೆಲ್ಲ ಗಮನಿಸಬೇಕಾದವು. ಆಮೇಲೆ ಮುಟ್ಟಿ ನೋಡುವುದು. ಮಲಗಿಸಿ, ಆ ಬದಿಯ ಕೈಯನ್ನು ತಲೆಯ ಕೆಳಗಿಡಿಸಿ, ನಡುವಿನ ಮೂರು ಬೆರಳುಗಳ ಮೆತ್ತನೆಯ ಭಾಗದಿಂದ ಹಗುರವಾಗಿ, ಸ್ವಲ್ಪ ಒತ್ತಿ, ಇನ್ನೂ ಆಳಕ್ಕೆ ಒತ್ತಿ ನೋಡುತ್ತಾರೆ. ಕೊರಳೆಲುಬಿನಿಂದ ಸ್ತನದ ಕೆಳಗಿನ ಮಡಿಕೆಯವರೆಗೆ, ಎದೆಮೂಳೆಯಿಂದ ಕಂಕುಳಿನವರೆಗೆ ಒಂದಿಂಚೂ ಬಿಡುವಂತಿಲ್ಲ. ಮುಟ್ಟಾಗುವವರಿಗೆ ಮುಟ್ಟು ಶುರುವಾದ ಏಳರಿಂದ ಹತ್ತನೆಯ ದಿನದೊಳಗೆ ಇದನ್ನು ಮಾಡಿಸುವುದು ಒಳ್ಳೆಯದು. ಆಗ ಸ್ತನ ಮೃದುವಾಗಿರುತ್ತದೆ.

ಗಂಟು ಸಿಕ್ಕಿತು ಎಂದಾಕ್ಷಣ ಕ್ಯಾನ್ಸರ್ ಎಂದು ತಿಳಿಯಬೇಕಿಲ್ಲ. ಹೆಚ್ಚಿನ ಗಂಟುಗಳು ನಿರಪಾಯಕಾರಿ. ಹರೆಯದವರಲ್ಲಿ ಬೆರಳಿಗೆ ಸಿಕ್ಕದೆ ಜಾರುವ ನುಣುಪಾದ ನಾರುಗಡ್ಡೆ, ನಡುವಯಸ್ಸಿನವರಲ್ಲಿ ನೀರು ತುಂಬಿದ ಗುಳ್ಳೆ, ಬಾಣಂತಿಯರಲ್ಲಿ ಹಾಲು ಕಟ್ಟಿ ಆಗುವ ಬಾವು ಸಾಮಾನ್ಯ. ಗಟ್ಟಿಯಾಗಿ, ಅಂಚು ಒರಟಾಗಿ, ಜಾಗ ಬಿಟ್ಟು ಕದಲದ ಗಂಟು ಹೆಚ್ಚು ಅನುಮಾನ ಹುಟ್ಟಿಸುತ್ತದೆ. ಆದರೆ ಬರೀ ಕೈಯಿಂದ ಕೊನೆಯ ತೀರ್ಮಾನ ಹೇಳಲಾಗದು. ಅದಕ್ಕೇ ವೈದ್ಯರು ಮೂರು ಹಂತ ಅನುಸರಿಸುತ್ತಾರೆ: ಕೈ ಪರೀಕ್ಷೆ, ಅಲ್ಟ್ರಾಸೌಂಡ್ ಅಥವಾ ಮ್ಯಾಮೊಗ್ರಾಮ್, ಬೇಕಾದರೆ ಸೂಜಿಯಿಂದ ಚೂರು ಮಾಂಸ ತೆಗೆದು ಬಯಾಪ್ಸಿ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಹಳ್ಳಿ, ಪೇಟೆ ಎಲ್ಲೆಡೆ ಇದೆ. ಆ ಭಯಕ್ಕೆ ಆಧಾರವಿಲ್ಲ. ಯಾವ ಬಗೆಯ ಕ್ಯಾನ್ಸರ್, ಯಾವ ಔಷಧಿ ನಾಟುತ್ತದೆ ಎಂಬುದು ತಿಳಿಯುವುದೇ ಆ ಚೂರಿನಿಂದ.

ಯಾರಿಗೆ ಅಪಾಯ ಹೆಚ್ಚು ಎಂದು ತಿಳಿಯಲು ವೈದ್ಯರು ಕೇಳುವ ಪ್ರಶ್ನೆಗಳು ಸರಳವಾಗಿವೆ. ವಯಸ್ಸೆಷ್ಟು? ಮೊದಲ ಮುಟ್ಟು ಯಾವಾಗ, ಮುಟ್ಟು ನಿಂತದ್ದು ಯಾವಾಗ? ಮೊದಲ ಹೆರಿಗೆ ಯಾವ ವಯಸ್ಸಿನಲ್ಲಿ, ಎಷ್ಟು ಕಾಲ ಹಾಲೂಡಿಸಿದಿರಿ? ಬೇಗ ಮುಟ್ಟಾಗಿ ತಡವಾಗಿ ನಿಂತವರ ಸ್ತನ ಹೆಚ್ಚು ವರ್ಷ ಈಸ್ಟ್ರೋಜೆನ್ ಹಾರ್ಮೋನಿನ ಪ್ರಭಾವದಲ್ಲಿರುತ್ತದೆ, ಅಪಾಯವೂ ಅಷ್ಟು ಏರುತ್ತದೆ. ಹಾಲೂಡಿಸುವುದು ಅದನ್ನು ತಗ್ಗಿಸುತ್ತದೆ. ಮುಟ್ಟು ನಿಂತ ಮೇಲಿನ ಬೊಜ್ಜು, ಮದ್ಯಪಾನ ಏರಿಸುತ್ತವೆ. ಅಮ್ಮ, ಅಕ್ಕತಂಗಿಯರಿಗೆ ಈ ಕಾಯಿಲೆ ಇತ್ತೆ ಎಂದು ಕೇಳುವಾಗ ತಂದೆಯ ಕಡೆಯ ಅಜ್ಜಿ, ಅತ್ತೆಯರನ್ನೂ ಮರೆಯಬಾರದು. ಬಿಆರ್‌ಸಿಎ 1, ಬಿಆರ್‌ಸಿಎ 2 ಎಂಬ ಜೀನ್‌ಗಳ ದೋಷ ತಂದೆಯಿಂದಲೂ ಮಗಳಿಗೆ ಬರುತ್ತದೆ. ಹೀಗೆ ವಂಶದಿಂದ ಬರುವುದು ಶೇ 5ರಿಂದ 10ರಷ್ಟು ಮಾತ್ರ. ಉಳಿದವರ ಮನೆತನದಲ್ಲಿ ಯಾರಿಗೂ ಇರದಿರಬಹುದು. ‘ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ’ ಎಂಬ ಮಾತು ರಕ್ಷಣೆಯಾಗದು.

ಅಮೆರಿಕದಲ್ಲಿ 1989ರಲ್ಲಿ ಮಿಚೆಲ್ ಗೇಲ್ ಮತ್ತು ಸಂಗಡಿಗರು ಇಂಥ ಉತ್ತರಗಳಿಂದ ಅಪಾಯವನ್ನು ಲೆಕ್ಕಹಾಕುವ ಸೂತ್ರ ಕಟ್ಟಿದರು. ಅದು ಅಮೆರಿಕದ ಮಹಿಳೆಯರ ಅಂಕಿಅಂಶದ ಮೇಲೆ ನಿಂತದ್ದು. ನಮ್ಮಲ್ಲಿ ಈ ರೋಗ ಪಾಶ್ಚಾತ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಲೆಕ್ಕದಲ್ಲಿ ಅಪಾಯ ಕಡಿಮೆ ಬಂದಿತೆಂದು ಕೈಗೆ ಸಿಕ್ಕ ಗಂಟನ್ನು ಕಡೆಗಣಿಸಬಾರದು.

ಕೇಂದ್ರ ಆರೋಗ್ಯ ಸಚಿವಾಲಯದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಎಲ್ಲ ಮಹಿಳೆಯರಿಗೂ ಐದು ವರ್ಷಕ್ಕೊಮ್ಮೆ ಕೈ ಪರೀಕ್ಷೆ ಆಗಬೇಕು. ಆಶಾ ಕಾರ್ಯಕರ್ತೆ ಮನೆಗೆ ತರುವ ನಮೂನೆಯಲ್ಲಿ ಎದೆಯ ಗಂಟು, ತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ, ಸ್ತನದ ಆಕಾರದ ಬದಲಾವಣೆ ಕುರಿತ ಪ್ರಶ್ನೆಗಳಿವೆ. ಆ ಪ್ರಶ್ನೆಗೆ ‘ಏನಿಲ್ಲ’ ಎಂದು ಬಾಯಿಮಾತಿಗೆ ಹೇಳಿ ಕಳಿಸಬೇಡಿ. ಚಿಕಿತ್ಸೆಯ ವೆಚ್ಚಕ್ಕೆ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ.

ರೋಗಿ ಮೊದಲು ಆಸ್ಪತ್ರೆಗೆ ಬಂದ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಮಲೆನಾಡಿನ ಒಂದು ಮಳೆಗಾಲ ಅದಕ್ಕಿಂತ ಉದ್ದ, ಒಂದು ಅಡಿಕೆ ಕೊಯ್ಲೂ ಅದಕ್ಕಿಂತ ಉದ್ದ. ಆದ್ದರಿಂದ ಗಂಟು ಕಂಡ ವಾರದಲ್ಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಮನೆಯ ಗಂಡಸರೇ, ದೂರದ ಆಸ್ಪತ್ರೆಗೆ ಹೋಗಬೇಕೆಂದರೆ ಕೆಲಸ ಬದಿಗಿಟ್ಟು ಜೊತೆಗೆ ಹೊರಡಿ. ಸ್ತನ ಕ್ಯಾನ್ಸರ್ ಬೇಗ ಸಿಕ್ಕರೆ ಬಹುಪಾಲು ಗುಣವಾಗುವ ಕಾಯಿಲೆ.