ಹದಿಹರೆಯದವರ ಆಹಾರವೂ ಉಸಿರಾಟದ ಆರೋಗ್ಯವೂ

ದೇಹದ ಎತ್ತರವು ನಿಂತ ಮೇಲೆಯೂ ಮನುಷ್ಯನ ಶ್ವಾಸಕೋಶದ ಶಕ್ತಿಯು ಕೆಲವು ಕಾಲ ಬೆಳೆಯುತ್ತಲೇ ಇರುವುದು. ಹುಡುಗಿಯರಲ್ಲಿ ಈ ಬೆಳವಣಿಗೆಯು ಹದಿಹರೆಯದ ಕೊನೆಯ ಹೊತ್ತಿಗೆ ಬಹುಮಟ್ಟಿಗೆ ಮುಗಿಯುವುದು. ಹುಡುಗರಲ್ಲಿ ಇಪ್ಪತ್ತನ್ನು ದಾಟಿಯೂ ಮುಂದುವರಿಯುವುದುಂಟು. ಬಳಿಕ ಕೆಲವು ವರ್ಷ ಒಂದೇ ಮಟ್ಟದಲ್ಲಿ ನಿಂತು, ಅಲ್ಲಿಂದ ಮುಂದೆ ವರ್ಷವರ್ಷಕ್ಕೂ ಅಲ್ಪಸ್ವಲ್ಪವಾಗಿ ಇಳಿಯುತ್ತ ಹೋಗುವುದು. ಆದುದರಿಂದ ಯೌವನದ ಆರಂಭದಲ್ಲಿ ಒಬ್ಬನು ಮುಟ್ಟಿದ ಉನ್ನತಮಟ್ಟವೇ ಅವನ ಉಳಿದ ಆಯುಷ್ಯಕ್ಕೆ ಮೂಲಧನವೆಂದು ಹೇಳಬಹುದು. ಮುಪ್ಪಿನಲ್ಲಿ ಕಾಣಿಸಿಕೊಳ್ಳುವ ಶ್ವಾಸನಾಳಗಳ ದೀರ್ಘರೋಗದಿಂದ ನರಳುವವರಲ್ಲಿ ಸುಮಾರು ಅರ್ಧದಷ್ಟು ಮಂದಿ, ಶಕ್ತಿಯನ್ನು ಬೇಗ ಬೇಗ ಕಳೆದುಕೊಂಡವರಲ್ಲದೆ, ಯೌವನದಲ್ಲಿಯೇ ಪೂರ್ಣಮಟ್ಟವನ್ನು ಮುಟ್ಟದೆ ಉಳಿದವರೆಂಬುದು 2015ರಲ್ಲಿ ಪ್ರಕಟವಾದ ಒಂದು ದೀರ್ಘಕಾಲದ ಪರಿಶೀಲನೆಯಿಂದ ತಿಳಿದುಬಂದಿತು.

ಶ್ವಾಸಕೋಶದ ಕೇಡಿಗೆ ಕಾರಣಗಳನ್ನು ಹುಡುಕುವಾಗ ನಾವು ಹೊಗೆ, ಧೂಳು, ರೋಗಾಣು ಇವುಗಳ ಕಡೆಗೇ ನೋಡುವೆವು. ಅನ್ನದ ತಟ್ಟೆಯ ಕಡೆಗೆ ನೋಡುವುದು ಅಪರೂಪ. ಆಹಾರವು ಹೋಗುವ ದಾರಿ ಬೇರೆ, ಗಾಳಿ ಹೋಗುವ ದಾರಿ ಬೇರೆ ಎಂಬ ಭಾವನೆಯೇ ಇದಕ್ಕೆ ಕಾರಣವಾಗಿರಬೇಕು. ಈ ಭಾವನೆಯು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಅಳತೆಯ ವಿಷಯ. ಉಸಿರಿನ ಪ್ರಮಾಣವನ್ನು ಅಳೆಯುವ ಯಂತ್ರವನ್ನು ಜಾನ್ ಹಚಿನ್ಸನ್ ಎಂಬ ಆಂಗ್ಲ ವೈದ್ಯನು 1846ರಲ್ಲಿ ವರ್ಣಿಸಿದನು. ಇಂದಿನ ಪದ್ಧತಿಯಲ್ಲಿ ಪರೀಕ್ಷೆಗೊಳಗಾದವನು ಪೂರ್ಣವಾಗಿ ಉಸಿರೆಳೆದುಕೊಂಡು ಬಲವಾಗಿ ಊದಬೇಕು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂದಿತೆಂಬುದೇ ಮುಖ್ಯವಾದ ಅಂಕಿ.

ಅಮೆರಿಕದ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ದೇಶಗಳ 12 ಊರುಗಳಲ್ಲಿ, 1998–99ರ ಶಾಲಾವರ್ಷದಲ್ಲಿ, ಹನ್ನೆರಡನೆಯ ತರಗತಿಯ 2,112 ವಿದ್ಯಾರ್ಥಿಗಳನ್ನು ಈ ರೀತಿ ಊದಿಸಿ ನೋಡಿದರು. ಅವರ ಊಟತಿಂಡಿಗಳನ್ನೂ ಕೆಮ್ಮು ಉಬ್ಬಸಗಳನ್ನೂ ಪ್ರಶ್ನಪತ್ರಿಕೆಯ ಮೂಲಕ ಬರೆಸಿಕೊಂಡರು. ಇದರ ಫಲವು 2007ರಲ್ಲಿ ಪ್ರಕಟವಾಯಿತು. ಹಣ್ಣನ್ನು ಬಹು ಕಡಮೆಯಾಗಿ ತಿನ್ನುತ್ತಿದ್ದವರಲ್ಲಿ ಮೊದಲ ಸೆಕೆಂಡಿನ ಗಾಳಿಯು ನಿರೀಕ್ಷಿತ ಪ್ರಮಾಣದ ಶೇಕಡ 1.3ರಷ್ಟು ಕಡಮೆಯಾಗಿತ್ತು. ಮೀನು ಮೊದಲಾದವುಗಳಿಂದ ದೊರೆಯುವ ಒಮೆಗಾ-3 ಎಂಬ ಮೇದಾಮ್ಲವು ಸಾಲದವರಲ್ಲಿ ಕಫದ ಕೆಮ್ಮು, ಉಬ್ಬಸ, ಗೂರಲು ಇವು ಹೆಚ್ಚಾಗಿದ್ದುವು. ಧೂಮಪಾನಮಾಡುವ ಹುಡುಗರಲ್ಲಿ ಈ ಸಂಬಂಧವು ವಿಶೇಷವಾಗಿ ಎದ್ದು ಕಾಣುತ್ತಿತ್ತು.

ಶೇಕಡ 1.3 ಎಂದರೆ ಅಷ್ಟೇನೂ ದೊಡ್ಡದಲ್ಲವೆಂದು ವಾಚಕರು ಹೇಳಬಹುದು. ನಿಜ, ನಾಲ್ಕು ಲೀಟರು ಊದಬಲ್ಲ ಹುಡುಗನಿಗೆ ಇದು ಮೂರು ದೊಡ್ಡ ಚಮಚಗಳಷ್ಟು ಗಾಳಿ ಮಾತ್ರ. ಆರೋಗ್ಯವಂತನಾದ ಹುಡುಗನಿಗೆ ಇದು ತಿಳಿಯುವುದೇ ಇಲ್ಲ. ಆದರೆ ಮೂಲಧನದ ಮಾತನ್ನು ನೆನೆದರೆ, ತಿಳಿಯದೆ ಇರುವುದೇ ಇದರ ಅಪಾಯವೆಂದು ನನಗೆ ತೋರುತ್ತದೆ.

ಇದು ಹೇಗೆ ಆಗುವುದು? ಹೊಗೆಯೂ ಪೇಟೆಯ ಗಾಳಿಯಲ್ಲಿರುವ ಓಝೋನ್ ಅನಿಲವೂ ಶ್ವಾಸನಾಳದ ಒಳಪೊರೆಯನ್ನು ಸುಡುವಂತಹ, ಉತ್ಕರ್ಷಣಕಾರಿಗಳೆಂಬ ದ್ರವ್ಯಗಳನ್ನು ಒಡಲಿನೊಳಗೆ ತರುವುವು, ಇಲ್ಲವೆ ಹುಟ್ಟಿಸುವುವು. ಆ ಪೊರೆಯನ್ನು ಮುಚ್ಚಿರುವ ತೆಳುವಾದ ದ್ರವದಲ್ಲಿ ‘ಸಿ’ ಜೀವಸತ್ವವು ಕರಗಿಕೊಂಡಿದ್ದು, ಈ ದ್ರವ್ಯಗಳನ್ನು ತಾನೇ ಎದುರುಗೊಂಡು ವ್ಯಯವಾಗುವುದು. ಜೀವಕೋಶಗಳ ಪೊರೆಯಲ್ಲಿ ‘ಇ’ ಜೀವಸತ್ವವು ಅದೇ ಕೆಲಸವನ್ನು ಮಾಡುವುದು. ಬೀಡಿ ಸಿಗರೇಟು ಸೇದುವವರ ರಕ್ತದಲ್ಲಿ ‘ಸಿ’ ಸತ್ವವು ಕಡಮೆಯಾಗಿರುವುದಕ್ಕೆ ಈ ವ್ಯಯವೂ ಒಂದು ಕಾರಣ. ಹೀಗೆ ಖರ್ಚು ಹೆಚ್ಚಿ ವರಮಾನ ತಗ್ಗಿದ ಸಂಸಾರದ ಗತಿ ಆ ಹುಡುಗರದು. ಒಮೆಗಾ-3ರ ಕಾರ್ಯವು ಬೇರೆ ಬಗೆಯದು: ನಾಳಗಳನ್ನು ಬಿಗಿಸುವ, ಊತವನ್ನು ತರುವ ಕೆಲವು ರಸಗಳು ಹುಟ್ಟುವ ಮೇದಾಮ್ಲದ ಸ್ಥಾನವನ್ನು ಅದು ಆಕ್ರಮಿಸಿ, ಸೌಮ್ಯವಾದ ರಸಗಳನ್ನು ಹುಟ್ಟಿಸುವುದು. ‘ಎ’ ಜೀವಸತ್ವವಿಲ್ಲದ ಇಲಿಗಳಲ್ಲಿ ಶ್ವಾಸನಾಳದ ಮೃದುವಾದ ಒಳಪದರವು ಒಣಗಿ ಗಡುಸಾಗುವುದನ್ನು ವೋಲ್ಬಾಕ್ ಮತ್ತು ಹೋವ್ ಎಂಬುವರು 1925ರಷ್ಟು ಹಿಂದೆಯೇ ತೋರಿಸಿದ್ದರು.

ಒಂದೇ ಖಂಡದ ಮಾತಾಯಿತೆಂದು ಆಕ್ಷೇಪಿಸುವವರಿಗೆ 2013ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರಿಶೀಲನೆಯನ್ನು ತೋರಿಸಬಹುದು. 51 ದೇಶಗಳ, 13–14 ವರ್ಷ ವಯಸ್ಸಿನ 3,19,000ಕ್ಕೂ ಹೆಚ್ಚು ಮಂದಿಯ ವಿವರವು ಅದರಲ್ಲಿದೆ. ವಾರಕ್ಕೆ ಮೂರು ಅಥವಾ ಹೆಚ್ಚು ಬಾರಿ ಅಂಗಡಿಯ ತ್ವರಿತ ತಿನಿಸುಗಳನ್ನು ತಿನ್ನುವವರಲ್ಲಿ ತೀವ್ರವಾದ ಗೂರಲಿನ ಸಂಭವವು ಶೇಕಡ 39ರಷ್ಟು ಹೆಚ್ಚಾಗಿಯೂ, ಅಷ್ಟೇ ಬಾರಿ ಹಣ್ಣು ತಿನ್ನುವವರಲ್ಲಿ ಶೇಕಡ 11ರಷ್ಟು ಕಡಮೆಯಾಗಿಯೂ ಕಂಡಿತು.

ಇಷ್ಟರಿಂದಲೇ ಹಣ್ಣು ಔಷಧ, ಕರಿದ ತಿಂಡಿ ವಿಷವೆಂದು ಸಾರುವುದು ಆತುರವಾದೀತು. ಹಣ್ಣು ಕೊಳ್ಳಬಲ್ಲ ಮನೆಯಲ್ಲಿ ಗಾಳಿಬೆಳಕೂ ಹೆಚ್ಚಾಗಿರಬಹುದು. ಉಬ್ಬಸವಿರುವ ಹುಡುಗನು ಆಟ ಬಿಟ್ಟು ಕುಳಿತು ತಿಂಡಿಯನ್ನು ಹೆಚ್ಚಾಗಿ ತಿನ್ನಬಹುದು. ಒಟ್ಟಿಗೆ ಕಂಡವೆಲ್ಲ ಕಾರಣಕಾರ್ಯಗಳಲ್ಲ. ಕೊಟ್ಟು ನೋಡಿದ ಪ್ರಯೋಗಗಳಿಂದಲೇ ಈ ಸಂದೇಹವು ತೀರಬೇಕು. ಮೆಕ್ಸಿಕೋ ನಗರದಲ್ಲಿ ಗೂರಲುಳ್ಳ 158 ಮಕ್ಕಳ ಪೈಕಿ ಕೆಲವರಿಗೆ ‘ಸಿ’ ಮತ್ತು ‘ಇ’ ಸತ್ವಗಳನ್ನೂ ಉಳಿದವರಿಗೆ ಬರಿಯ ಗುಳಿಗೆಯನ್ನೂ ಕೊಟ್ಟು ನೋಡಿದರು. 2002ರಲ್ಲಿ ಫಲ ಹೊರಬಂದಿತು. ಓಝೋನ್ ಹೆಚ್ಚಿದಾಗ ಬರಿಯ ಗುಳಿಗೆಯವರ, ಅದರಲ್ಲಿಯೂ ರೋಗವು ಬಲವಾಗಿದ್ದವರ, ಉಸಿರಿನ ಬಲವು ಕುಗ್ಗಿತು. ಸತ್ವ ಪಡೆದವರಲ್ಲಿ ಹಾಗೆ ಕಾಣಲಿಲ್ಲ. ಆದರೆ ಗುಳಿಗೆಗಳನ್ನು ಕುರಿತು ಎಚ್ಚರವೂ ಅವಶ್ಯಕ. ಫಿನ್ಲೆಂಡಿನಲ್ಲಿ ಧೂಮಪಾನಿಗಳಾದ ಗಂಡಸರಿಗೆ ಬೀಟಾ ಕೆರೋಟಿನ್ ಗುಳಿಗೆಯನ್ನು ಕೊಟ್ಟಾಗ ಶ್ವಾಸಕೋಶದ ಅರ್ಬುದವು ಕಡಮೆಯಾಗುವ ಬದಲು ಶೇಕಡ 18ರಷ್ಟು ಹೆಚ್ಚಿತೆಂದು 1994ರಲ್ಲಿ ತಿಳಿಯಿತು. ಗಜ್ಜರಿಯಲ್ಲಿರುವುದೂ ಅದೇ ದ್ರವ್ಯ; ಆದರೆ ಗಜ್ಜರಿ ಬೇರೆ, ಗುಳಿಗೆ ಬೇರೆ.

ನಮ್ಮಲ್ಲಿ ಇವುಗಳಿಗೆ ದೂರ ಹೋಗಬೇಕಾಗಿಲ್ಲ. ನೂರು ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ ‘ಸಿ’ ಸತ್ವವುಂಟು. ಕಿತ್ತಳೆಯಲ್ಲಿ ಅದರ ಕಾಲುಭಾಗ. ಕರಾವಳಿಯ ಭೂತಾಯಿ, ಬಂಗುಡೆಗಳಲ್ಲಿ ಒಮೆಗಾ-3 ಸಮೃದ್ಧವಾಗಿದೆ. ಬಡಗಣ ಸೀಮೆಯ ಅಗಸೆ ಚಟ್ನಿಯಲ್ಲಿಯೂ ಅದರ ಒಂದು ಬಗೆಯುಂಟು; ಆದರೆ ದೇಹವು ಅದನ್ನು ಮೀನಿನಲ್ಲಿರುವ ರೂಪಕ್ಕೆ ತಿರುಗಿಸಿಕೊಳ್ಳುವುದು ಸ್ವಲ್ಪಮಟ್ಟಿಗೆ ಮಾತ್ರ.

ಇನ್ನು ಕ್ಷಯ. ಬಾಲ್ಯದ ನಡುವಣ ವರ್ಷಗಳಲ್ಲಿ ಅಡಗಿರುವ ಈ ರೋಗವು ಹರೆಯ ಬಂದೊಡನೆ ಮತ್ತೆ ತಲೆಯೆತ್ತುವುದು. ಇಲ್ಲಿ ಪ್ರಶ್ನೆಯು ಹಣ್ಣು ಮೀನುಗಳದಲ್ಲ, ಹೊಟ್ಟೆತುಂಬುವ ಅನ್ನದ್ದು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು 2019ರಿಂದ 2022ರವರೆಗೆ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ನಡೆಸಿ, 2023ರಲ್ಲಿ ಪ್ರಕಟಿಸಿದ ಪ್ರಯೋಗವು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಡದಂತಿದೆ. ಅದರಲ್ಲಿ ಕ್ಷಯರೋಗಿಗಳ ಮನೆಯವರು 10,345 ಮಂದಿ ಸೇರಿದ್ದರು. ಒಂದು ಗುಂಪಿನ ಮನೆಯವರಿಗೆ ಆಹಾರವನ್ನು ಒದಗಿಸಿದರು, ಇನ್ನೊಂದಕ್ಕೆ ಇಲ್ಲ. ಆಹಾರ ಪಡೆದವರಲ್ಲಿ ಹೊಸದಾಗಿ ಕ್ಷಯ ಹಿಡಿಯುವುದು ಶೇಕಡ 39ರಷ್ಟು ಕಡಮೆಯಾಯಿತು. ಪರೀಕ್ಷೆಯಿಂದ ಸ್ಥಿರಪಟ್ಟ ಶ್ವಾಸಕೋಶದ ಕ್ಷಯವಂತೂ ಶೇಕಡ 48ರಷ್ಟು ಕಡಮೆಯಾಯಿತು. ಹತ್ತು ವರ್ಷಕ್ಕೆ ಕೆಳಗಿನ ಮಕ್ಕಳಿಗೆ ಅರ್ಧ ಪಾಲು. ಹರೆಯದವರಿಗೂ ದೊಡ್ಡವರಿಗೂ ತಲೆಗೆ ತಿಂಗಳಿಗೆ ಐದು ಕಿಲೋಗ್ರಾಂ ಅಕ್ಕಿ, ಒಂದೂವರೆ ಕಿಲೋಗ್ರಾಂ ಬೇಳೆ, ಜೀವಸತ್ವದ ಗುಳಿಗೆಗಳು: ಕೊಟ್ಟುದು ಇಷ್ಟೇ.