ಎರಡು ಸೂರ್ಯರ ಗ್ರಹ

ನಮ್ಮ ಆಕಾಶದಲ್ಲಿ ಸಂಜೆಗೆ ಒಬ್ಬನೇ ಸೂರ್ಯ ಮುಳುಗುತ್ತಾನೆ. ಒಬ್ಬನ ಬೆನ್ನಹಿಂದೆ ಮತ್ತೊಬ್ಬ ಸೂರ್ಯ ಮುಳುಗುವ ಲೋಕವೂ ಇರಬಹುದೆ? ಕಥೆಗಾರರು ಅಂಥ ಲೋಕವನ್ನು ಹಿಂದೆಯೇ ಕಲ್ಪಿಸಿದ್ದರು. 2011ರಲ್ಲಿ ಖಗೋಳವಿಜ್ಞಾನಿಗಳು ಅದನ್ನು ಆಕಾಶದಲ್ಲಿಯೇ ಗುರುತಿಸಿದರು. ಅದರ ಹೆಸರು ಕೆಪ್ಲರ್-16ಬಿ.

ರಾಜಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ, ಸುಮಾರು 245 ಜ್ಯೋತಿರ್ವರ್ಷಗಳ ದೂರದಲ್ಲಿ, ಒಂದು ಜೋಡಿ ನಕ್ಷತ್ರವಿದೆ. ಹಿರಿಯದರ ದ್ರವ್ಯರಾಶಿ ನಮ್ಮ ಸೂರ್ಯನದರ ಮೂರರಲ್ಲಿ ಎರಡು ಪಾಲು. ಕಿರಿಯದರದು ಐದರಲ್ಲಿ ಒಂದು ಪಾಲು. ಇವು 41 ದಿನಗಳಿಗೊಮ್ಮೆ ಒಂದನ್ನೊಂದು ಸುತ್ತುತ್ತವೆ. ಇವೆರಡನ್ನೂ ಒಟ್ಟಿಗೆ ಬಳಸಿ, ಗಾತ್ರ ತೂಕಗಳಲ್ಲಿ ಶನಿಯನ್ನು ಹೋಲುವ ಗ್ರಹವೊಂದು 229 ದಿನಗಳಲ್ಲಿ ಪ್ರದಕ್ಷಿಣೆ ಮುಗಿಸುತ್ತದೆ.

ಕಣ್ಣಿಗೆ ಕಾಣದ ಈ ಗ್ರಹವನ್ನು ಕಂಡುಹಿಡಿದದ್ದು ಹೇಗೆ? 2009ರಲ್ಲಿ ಹಾರಿಸಿದ ಕೆಪ್ಲರ್ ದೂರದರ್ಶಕವು ನಕ್ಷತ್ರಗಳ ಬೆಳಕನ್ನು ಎಡೆಬಿಡದೆ ಅಳೆಯುತ್ತಿತ್ತು. ಈ ಜೋಡಿಯಲ್ಲಿ ಒಂದು ಮತ್ತೊಂದಕ್ಕೆ ಅಡ್ಡ ಬಂದಾಗ ಗ್ರಹಣವಾಗಿ ಬೆಳಕು ಕುಗ್ಗುವುದು ಸಹಜ. ಆದರೆ ಆ ಗ್ರಹಣಗಳ ನಡುವೆ ಬೇರೊಂದು ಕುಗ್ಗುವಿಕೆಯೂ ಕಂಡಿತು; ಆಗ ಮರೆಯಾದದ್ದು ಬೆಳಕಿನ ಶೇಕಡ 1.7 ಭಾಗ ಮಾತ್ರ. ಅದು ಸಮಾನ ಅಂತರದಲ್ಲಿ ಮರುಕಳಿಸಲಿಲ್ಲ: ಒಮ್ಮೆ 230 ದಿನಗಳು ಚಿಲ್ಲರೆ, ಮತ್ತೊಮ್ಮೆ 221 ದಿನಗಳು ಚಿಲ್ಲರೆ. ಈ ಏರುಪೇರೇ ಗುಟ್ಟನ್ನು ಬಯಲು ಮಾಡಿತು. ಗ್ರಹವು ಸುತ್ತಿ ಬರುವಷ್ಟರಲ್ಲಿ ನಕ್ಷತ್ರವೂ ಸ್ಥಳ ಬದಲಿಸಿರುತ್ತದೆ. ಆದುದರಿಂದ ಅವು ಎದುರಾಗುವ ವೇಳೆಯೂ ಬದಲಾಗುತ್ತದೆ. ಗ್ರಹದ ಸೆಳೆತದಿಂದ ನಕ್ಷತ್ರಗಳ ಗ್ರಹಣಕಾಲದಲ್ಲಿ ಆದ ಅತ್ಯಲ್ಪ ವ್ಯತ್ಯಾಸದಿಂದ ಅದರ ತೂಕವೂ ತಿಳಿದುಬಂತು. ಅದು ನಕ್ಷತ್ರವಲ್ಲ, ಗ್ರಹವೇ ಎಂದು ಸಿದ್ಧವಾಯಿತು.

ಎರಡು ಸೂರ್ಯರ ಜಗ್ಗಾಟದಲ್ಲಿ ಗ್ರಹವು ಸಿಡಿದುಹೋಗದೆ? ಗ್ರಹದ ದೂರ ಆ ನಕ್ಷತ್ರಗಳ ನಡುವಣ ಅಂತರದ ಸುಮಾರು ಮೂರರಷ್ಟಿದೆ. ಆದಕಾರಣ ಜೋಡಿಯ ಸೆಳೆತ ಬಹುಮಟ್ಟಿಗೆ ಒಂದೇ ಕಾಯದ ಸೆಳೆತದಂತೆ ವರ್ತಿಸುತ್ತದೆ. ಶುಕ್ರನು ಸೂರ್ಯನಿಂದ ಇರುವಷ್ಟೇ ದೂರದಲ್ಲಿದ್ದರೂ ಅಲ್ಲಿ ಕಡುಚಳಿ. ಇಬ್ಬರು ಸೂರ್ಯರೂ ಮಂದಕಾಂತಿಯವರು.

ಗ್ರಹದ ಕಕ್ಷೆಯ ಓರೆ ಮೆಲ್ಲನೆ ಬದಲಾಗುತ್ತದೆ. ಗಣಿತದ ಪ್ರಕಾರ 2018ರಿಂದ ಅದು ಹಿರಿಯ ನಕ್ಷತ್ರಕ್ಕೆ ನಮ್ಮ ದೃಷ್ಟಿಯಲ್ಲಿ ಅಡ್ಡ ಬರುವುದಿಲ್ಲ. ಮರಳಿ ಬರುವುದು ಸುಮಾರು 2042ರಲ್ಲಿ. ಆದರೂ ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದವರು ನಕ್ಷತ್ರದ ತೂಗಾಟವನ್ನು ಅಳೆದು, ಗ್ರಹದ ಇರವನ್ನು 2022ರಲ್ಲಿ ಮತ್ತೆ ದೃಢಪಡಿಸಿದರು. ಮರೆಯಾದದ್ದು ನೆರಳು ಮಾತ್ರ, ಗ್ರಹವಲ್ಲ. ಆ ನೆರಳು ಮರಳುವ ವೇಳೆಗೆ ದೂರದರ್ಶಕದ ಬಳಿ ಕಾದಿರುವವರು ಇಂದಿನ ವಿದ್ಯಾರ್ಥಿಗಳೇ ಆಗಿರಬಹುದು.